ಅಂಕಿಅಂಶ ಕೇಳೋ ಮುಂಚೆ, ಅದನ್ನ ಬರೆಯೋರು ಯಾರು ಅಂತ ಒಂದ್ಸಲ ಸರ್ವೆ ಮಾಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ನಾನು ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿರೋ ಅನುದಾನಿತ ಪದವಿ ಕಾಲೇಜಲ್ಲಿ ಅರ್ಥಶಾಸ್ತ್ರ ಪಾಠ ಮಾಡ್ತೀನಿ, ಇಪ್ಪತ್ತಾರು ವರ್ಷ ಆಯ್ತು. ಪತ್ರಿಕೆಗಳಲ್ಲಿ ವರ್ಷಕ್ಕೊಂದ್ಸಲ ಯಾವ ಕಾಲೇಜಿಗೆ ಎಷ್ಟನೇ ರ್‍ಯಾಂಕ್, ಕಾಲೇಜುಗಳ ಗುಣಮಟ್ಟ ಅಳೆಯೋ ನ್ಯಾಕ್ ಸಂಸ್ಥೆ ಯಾವ ಕಾಲೇಜಿಗೆ ಯಾವ ಗ್ರೇಡ್ ಕೊಡ್ತು, ರಾಜ್ಯದಲ್ಲಿ ಎಷ್ಟು ಕಾಲೇಜಿದೆ ಅಂತೆಲ್ಲ ದೊಡ್ಡದಾಗಿ ಬರುತ್ತೆ, ನಾನೂ ಆಸೆಯಿಂದ ಓದ್ತೀನಿ. ಆದ್ರೆ ಆ ಅಂಕಿ ಎಲ್ಲಿಂದ ಬಂತು, ಯಾರು ಕೂತು ಬರೆದ್ರು, ಯಾವ ಹೊತ್ತಲ್ಲಿ ಬರೆದ್ರು ಅನ್ನೋದನ್ನ ಯಾರೂ ಕೇಳಿದ್ದು ನೋಡಿಲ್ಲ. ನಮ್ಮ ಕಾಲೇಜಿಂದ ಹೋಗೋ ಅಂಕಿ ಬರೆಯೋಳು ನಾನು, ಒಂಬತ್ತು ವರ್ಷದಿಂದ. ಹಾಗಾಗಿ ಈ ವಿಷಯ ನಾನೇ ಬರೀಬೇಕು ಅನ್ನಿಸ್ತು, ಸ್ವಲ್ಪ ಉದ್ದ ಆದ್ರೂ ದಯವಿಟ್ಟು ಪೂರ್ತಿ ಹಾಕಿ.

ಮೊದ್ಲು ಓದುಗರಿಗೆ, ಅದ್ರಲ್ಲೂ ಮಕ್ಕಳನ್ನ ಕಾಲೇಜಿಗೆ ಕಳಿಸೋ ತಂದೆತಾಯಿಗೆ ಒಂದಿಷ್ಟು ವಿವರ ಹೇಳ್ಬೇಕು. ಕೇಂದ್ರ ಸರ್ಕಾರ 2010-11ರಿಂದ ಉನ್ನತ ಶಿಕ್ಷಣದ ಅಖಿಲ ಭಾರತ ಸರ್ವೆ ಮಾಡ್ತಿದೆ, ಎಐಎಸ್‌ಎಚ್‌ಇ ಅಂತಾರೆ. 2021-22ರ ವರದಿ ಪ್ರಕಾರ ದೇಶದಲ್ಲಿ 45,473 ಕಾಲೇಜು, ಅದ್ರಲ್ಲಿ 4,430 ನಮ್ಮ ರಾಜ್ಯದ್ದೇ, ಬೆಂಗಳೂರು ನಗರ ಜಿಲ್ಲೆ ಒಂದರಲ್ಲೇ 1,106. 18ರಿಂದ 23 ವರ್ಷದ ಒಂದು ಲಕ್ಷ ಜನಕ್ಕೆ ಎಷ್ಟು ಕಾಲೇಜು ಅಂತ ನೋಡಿದ್ರೆ ದೇಶದ ಸರಾಸರಿ 30, ಕರ್ನಾಟಕದ್ದು 66. ಈ ಒಂದೊಂದು ಸಂಖ್ಯೆನೂ ಯಾವುದೋ ಒಂದು ಕಾಲೇಜಿನ ಯಾವುದೋ ಒಂದು ರೂಮಲ್ಲಿ, ಹಳೇ ಕಂಪ್ಯೂಟರ್ ಮುಂದೆ, ಯಾರೋ ಒಬ್ರು ಒಂದೊಂದೇ ಕಾಲಮ್ ತುಂಬಿದ್ದರಿಂದ ಬಂದಿರೋದು. ಇದು ಮುಗೀತು ಅನ್ನೋ ಹಾಗಿಲ್ಲ. ನ್ಯಾಕ್‌ಗೆ ಪ್ರತಿ ವರ್ಷ ಎಕ್ಯೂಎಆರ್ ಅನ್ನೋ ವಾರ್ಷಿಕ ವರದಿ ಹಾಕ್ಬೇಕು, ಐದು ವರ್ಷಕ್ಕೊಮ್ಮೆ ಎಸ್‌ಎಸ್‌ಆರ್ ಅನ್ನೋ ದೊಡ್ಡ ವರದಿ, ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ರ್‍ಯಾಂಕಿಂಗಿಗೆ ಇನ್ನೊಂದು ಫಾರ್ಮ್ಯಾಟು, ವಿಶ್ವವಿದ್ಯಾಲಯದವ್ರದ್ದು ಇನ್ನೊಂದು, ಇಲಾಖೆಯವ್ರದ್ದು ಮತ್ತೊಂದು, ಸ್ಕಾಲರ್‌ಶಿಪ್ಪಿಗೆ ಎಸ್‌ಎಸ್‌ಪಿ, ಅಡ್ಮಿಷನ್ನಿಗೂ ಪರೀಕ್ಷೆಗೂ ಯುಯುಸಿಎಂಎಸ್, ಕ್ರೆಡಿಟ್ ಬ್ಯಾಂಕಿಗೆ ಎಬಿಸಿ ಐಡಿ. ಇದ್ರ ಮಧ್ಯೆ ವಾಟ್ಸಾಪ್ ಗ್ರೂಪಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಒಂದು ಮೆಸೇಜು ಬೀಳುತ್ತೆ, ಸಂಜೆ ನಾಲ್ಕರೊಳಗೆ ಇಷ್ಟು ಮಾಹಿತಿ ಕಳಿಸಿ, ತುರ್ತು ಅಂತ.

ಎಲ್ಲರೂ ಕೇಳೋದು ಹೆಚ್ಚೂಕಮ್ಮಿ ಒಂದೇ ವಿಷಯ, ಎಷ್ಟು ಮಕ್ಕಳು, ಎಷ್ಟು ಹುಡುಗೀರು, ಎಷ್ಟು ಎಸ್‌ಸಿ ಎಸ್‌ಟಿ, ಎಷ್ಟು ಪಾಸು, ಎಷ್ಟು ಮೇಷ್ಟ್ರು. ಆದ್ರೆ ಒಬ್ಬೊಬ್ರದ್ದು ಒಂದೊಂದು ಅಳತೆ. ಒಂದು ಉದಾಹರಣೆ ಮಾತ್ರ ಬಿಡಿಸಿ ಹೇಳ್ತೀನಿ. ನಮ್ಮ ಅಡ್ಮಿಷನ್ ರಿಜಿಸ್ಟರಲ್ಲಿ ಮಕ್ಕಳ ವರ್ಗ ಬರೆಯೋದು ರಾಜ್ಯದ ಲೆಕ್ಕದಲ್ಲಿ, ಪ್ರವರ್ಗ-1, 2ಎ, 2ಬಿ, 3ಎ, 3ಬಿ ಅಂತ. ಕೇಂದ್ರದ ಸರ್ವೆ ಕೇಳೋದು ಒಬಿಸಿ ಅಂತ ಒಂದೇ ಕಾಲಮ್. ಐದನ್ನೂ ಕೂಡಿ ಬರೆದ್ರಾಯ್ತಲ್ಲ ಅಂತೀರಿ, ಆದ್ರೆ ರಾಜ್ಯದ ಪಟ್ಟಿ ಬೇರೆ ಕೇಂದ್ರದ ಪಟ್ಟಿ ಬೇರೆ, 3ಬಿಯಲ್ಲಿರೋ ಎಷ್ಟೋ ಜನ ಕೇಂದ್ರದ ಒಬಿಸಿ ಪಟ್ಟಿಲಿಲ್ಲ, 2ಬಿ ಮಕ್ಕಳನ್ನ ಮುಸ್ಲಿಂ ಅಲ್ಪಸಂಖ್ಯಾತರು ಅನ್ನೋ ಕಾಲಮ್ಮಲ್ಲಿ ಇನ್ನೊಂದ್ಸಲ ತೋರಿಸ್ಬೇಕು, ಅಂಗವಿಕಲ ಮಕ್ಕಳದ್ದೂ ಹಾಗೇ ಒಳಗಡೆ ಲೆಕ್ಕ, ಆರ್ಥಿಕವಾಗಿ ಹಿಂದುಳಿದವ್ರ ಇಡಬ್ಲ್ಯುಎಸ್ ಬೇರೆ. ಒಂದು ಮಗೂನ ಎಲ್ಲಿ ಹಾಕೋದು ಅಂತ ಗೊತ್ತಾಗ್ಬೇಕಾದ್ರೆ ಜಾತಿ ಪ್ರಮಾಣಪತ್ರ ತೆಗೆದು ನೋಡ್ಬೇಕು. ನಮ್ಮ ಆಫೀಸಿನ ಎಸ್‌ಡಿಎ ಒಬ್ರು, ಈಗ ರಿಟೈರ್ ಆಗಿದ್ದಾರೆ, ಹಾಳೆ ಮೇಲೆ ಪೆನ್ಸಿಲ್ಲಲ್ಲಿ ನಾಲ್ಕು ಗೀಟು ಹಾಕಿ ಐದನೇದನ್ನ ಅಡ್ಡ ಹೊಡೆದು ಎಣಿಸ್ತಿದ್ರು, ನಾನು ಪಕ್ಕದಲ್ಲಿ ಕೂತು ಹೆಸ್ರು ಓದ್ತಿದ್ದೆ, ಮೂರು ವರ್ಷದ ಎಲ್ಲಾ ಕ್ಲಾಸು ಮುಗಿಸೋಕೆ ಎರಡು ದಿನ. ಅವ್ರು ಹೋದ್ಮೇಲೆ ಆ ಹುದ್ದೆ ತುಂಬಿಲ್ಲ.

ಇನ್ನೊಂದು ಕಷ್ಟ, ಒಂದೇ ಪ್ರಶ್ನೆಗೆ ಮೂರು ಉತ್ತರ ಬರೋದು. ಒಂದು ವರ್ಷ ನಮ್ಮ ಅಡ್ಮಿಷನ್ ರಿಜಿಸ್ಟರ್ ಪ್ರಕಾರ ಮಕ್ಕಳು 412, ಆನ್‌ಲೈನಲ್ಲಿ 405, ಪರೀಕ್ಷೆ ನಾಮಿನಲ್ ರೋಲಲ್ಲಿ, ಅಂದ್ರೆ ಪರೀಕ್ಷೆ ಬರೆಯೋರ ಪಟ್ಟಿಲಿ, 391. ಹೊರಗಿನವ್ರು ನೋಡಿದ್ರೆ ಯಾರೋ ಸುಳ್ಳು ಬರೆದಿದ್ದಾರೆ ಅಂತಾರೆ. ಸುಳ್ಳು ಯಾವುದೂ ಇಲ್ಲ. ಸೇರಿದ ಮೇಲೆ ಏಳು ಮಕ್ಕಳು ನರ್ಸಿಂಗು ಐಟಿಐ ಸೀಟು ಸಿಕ್ತು ಅಂತ ಟಿಸಿ ತಗೊಂಡ್ರು, ಹದಿನಾಲ್ಕು ಮಕ್ಕಳು ಟಿಸಿ ತಗೊಳ್ದೇನೇ ಬರೋದು ನಿಲ್ಲಿಸಿದ್ರು. ಯಾವ ದಿನಾಂಕದಲ್ಲಿ ಎಣಿಸಿದ್ವಿ ಅನ್ನೋದರ ಮೇಲೆ ಉತ್ತರ ಬದಲಾಗುತ್ತೆ. ಈ ಮೂರು ಸಂಖ್ಯೆಯ ನಡುವೆ ಇರೋ ವ್ಯತ್ಯಾಸನೇ ನಿಜವಾದ ವಿಷಯ, ಆ ಹದಿನಾಲ್ಕು ಮಕ್ಕಳು ಎಲ್ಲಿ ಹೋದ್ರು ಅನ್ನೋದು. ಆದ್ರೆ ಯಾವ ಪೋರ್ಟಲ್ಲೂ ಅದನ್ನ ಕೇಳಲ್ಲ, ಎಲ್ಲರಿಗೂ ಒಂದೇ ಒಂದು ಸಂಖ್ಯೆ ಬೇಕು, ತಾಳೆ ಆಗ್ಬೇಕು ಅಷ್ಟೇ.

ಈ ಕೆಲಸಕ್ಕೆ ಬೇರೆ ದೇಶದಲ್ಲಿ ಒಂದು ಹೆಸರಿದೆ, ಇನ್‌ಸ್ಟಿಟ್ಯೂಷನಲ್ ರಿಸರ್ಚ್ ಅಂತ. ಪ್ರೊಫೆಸರುಗಳು ಮಾಡೋ ಪಿಎಚ್‌ಡಿ ಥರದ ಸಂಶೋಧನೆ ಅಂದ್ಕೋಬೇಡಿ, ಕಾಲೇಜು ತನ್ನ ಬಗ್ಗೆ ತಾನೇ ಮಾಡ್ಕೊಳ್ಳೋ ಅಧ್ಯಯನ ಅದು. ಯಾರು ಸೇರ್ತಾರೆ, ಯಾರು ಮಧ್ಯದಲ್ಲಿ ಬಿಡ್ತಾರೆ, ಯಾವ ಪೇಪರಲ್ಲಿ ಜಾಸ್ತಿ ಫೇಲಾಗ್ತಾರೆ, ಮುಗಿಸಿದವ್ರು ಏನು ಮಾಡ್ತಿದ್ದಾರೆ. ಅಮೆರಿಕದಲ್ಲಿ ಈ ಕೆಲಸ ಮಾಡೋರದ್ದೇ ಒಂದು ಸಂಘ 1960ರ ದಶಕದಿಂದ ಇದೆ. ಅಲ್ಲಿ ಸರ್ಕಾರದ ವಿದ್ಯಾರ್ಥಿ ಸಹಾಯಧನ ಪಡೆಯೋ ಪ್ರತಿ ಸಂಸ್ಥೆನೂ ಐಪೆಡ್ಸ್ ಅನ್ನೋ ಕೇಂದ್ರ ಸರ್ವೆಗೆ ಲೆಕ್ಕ ಕೊಡ್ಲೇಬೇಕು, ಹಾಗಾಗಿ ಬಹಳಷ್ಟು ಕಾಲೇಜಲ್ಲಿ ಅದಕ್ಕೇ ಅಂತ ಒಂದು ಆಫೀಸು, ಸಣ್ಣ ಕಾಲೇಜಾದ್ರೆ ಒಬ್ರೇ ಒಬ್ರು, ಆದ್ರೂ ಅವ್ರ ಹುದ್ದೆ ಹೆಸ್ರೇ ಅದು. ಆ ಆಫೀಸು ಪ್ರೆಸಿಡೆಂಟ್ ಕೆಳಗಿರ್ಬೇಕಾ, ಪಾಠದ ವಿಭಾಗದ ಕೆಳಗಿರ್ಬೇಕಾ, ಎಷ್ಟು ಜನ ಬೇಕು ಅಂತ ಅವ್ರೇ ಮತ್ತೆ ಮತ್ತೆ ಸರ್ವೆ ಮಾಡಿ ಚರ್ಚೆ ಮಾಡ್ತಾರೆ. ಬ್ರಿಟನ್ನಲ್ಲಿ ವಿಶ್ವವಿದ್ಯಾಲಯಗಳ ಅಂಕಿಅಂಶಕ್ಕೇ ಅಂತ 1993ರಲ್ಲಿ ಹೆಸಾ ಅನ್ನೋ ಸಂಸ್ಥೆ ಕಟ್ಟಿದ್ರು.

ಅಲ್ಲಿ ಎಲ್ಲಾ ಸರಿ ಇದೆ ಅಂತ ನಾನು ಹೇಳ್ತಿಲ್ಲ. 2022ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಏನಾಯ್ತು ಅಂತ ಎಷ್ಟೋ ಜನಕ್ಕೆ ಗೊತ್ತಿರ್ಬಹುದು, ಅಲ್ಲಿನ ಗಣಿತದ ಪ್ರೊಫೆಸರ್ ಒಬ್ರೇ ಕೂತು ತಮ್ಮ ಸಂಸ್ಥೆ ರ್‍ಯಾಂಕಿಂಗಿಗೆ ಕೊಟ್ಟಿದ್ದ ಅಂಕಿನ ಸಾರ್ವಜನಿಕವಾಗಿ ಸಿಗೋ ದಾಖಲೆ ಜೊತೆ ಹೋಲಿಸಿ ನೋಡಿದ್ರು, ತರಗತಿಯಲ್ಲಿ ಎಷ್ಟು ಮಕ್ಕಳು ಇರ್ತಾರೆ ಅನ್ನೋದೂ ಸೇರಿ ಹಲವು ಕಡೆ ತಾಳೆ ಆಗ್ಲಿಲ್ಲ, ಅವ್ರು ಅದನ್ನ ಬರೆದು ಪ್ರಕಟ ಮಾಡಿದ್ರು, ಕೊನೆಗೆ ವಿಶ್ವವಿದ್ಯಾಲಯನೂ ತಪ್ಪಾಗಿದೆ ಅಂತ ಒಪ್ಕೊಂಡು ಎರಡನೇ ಸ್ಥಾನದಲ್ಲಿದ್ದದ್ದು ಹದಿನೆಂಟಕ್ಕೆ ಇಳೀತು. ಅಷ್ಟು ದುಡ್ಡು ಅಷ್ಟು ಸ್ಟಾಫು ಇರೋ ಕಡೆನೇ ಹೀಗಾದ್ರೆ, ಇಬ್ರು ಕ್ಲರ್ಕು ಇರೋ ಕಾಲೇಜಲ್ಲಿ ತಪ್ಪಾಗಲ್ವಾ? ಆ ಸುದ್ದಿ ಓದಿದ ರಾತ್ರಿ ನಂಗೆ ನಿದ್ದೆ ಬರ್ಲಿಲ್ಲ, ನಾನು ಬರೆದು ಕಳಿಸಿದ ಹಳೇ ಶೀಟುಗಳೆಲ್ಲ ತೆಗೆದು ಒಂದೊಂದೇ ನೋಡಿದೆ. ಎರಡು ತಪ್ಪು ಸಿಕ್ತು. ಒಂದ್ರಲ್ಲಿ ಲೈಬ್ರರಿ ಖರ್ಚು ಎರಡ್ಸಲ ಸೇರಿತ್ತು. ಪತ್ರ ಬರೆದು ತಿದ್ದಿಸಿದ್ವಿ.

ಅಲ್ಲಿಂದ ಕಲೀಬೇಕಾದ ಕೆಲಸ ನನ್ನ ಪ್ರಕಾರ ಅಟ್ಲಾಂಟಾದ ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯದ್ದು. ಅಲ್ಲಿ ಬಡ ಮಕ್ಕಳು, ಮನೇಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದ ಮಕ್ಕಳು ಜಾಸ್ತಿ. ತಮ್ಮ ಬಳಿ ಇದ್ದ ಲೆಕ್ಕಾನೇ ನೋಡಿದಾಗ ಗೊತ್ತಾಯ್ತು, ಎಷ್ಟೋ ಮಕ್ಕಳು ಓದಲ್ಲಿ ಹಿಂದೆ ಬಿದ್ದು ಬಿಡ್ತಿಲ್ಲ, ಕೊನೇ ಸೆಮಿಸ್ಟರುಗಳಲ್ಲಿ ಸಣ್ಣ ಮೊತ್ತದ ಫೀಸು ಬಾಕಿ ಆಗಿ ಹೆಸ್ರು ತೆಗೆದುಹಾಕಿದ್ರಿಂದ ಹೋಗ್ತಿದ್ದಾರೆ ಅಂತ. 2011ರಿಂದ ಆ ಸಣ್ಣ ಬಾಕಿನ ಕಾಲೇಜೇ ತುಂಬೋಕೆ ಶುರು ಮಾಡ್ತು. ಅರ್ಜಿ ಹಾಕಿ ಅಂತ ಕಾಯ್ಲಿಲ್ಲ, ಲೆಕ್ಕ ನೋಡಿ ತಾವೇ ಮಗೂನ ಕರೆದು ಕೊಟ್ರು. 2012ರಿಂದ ಪ್ರತಿ ವಿದ್ಯಾರ್ಥಿದೂ ಎಂಟುನೂರಕ್ಕಿಂತ ಜಾಸ್ತಿ ಸೂಚನೆಗಳನ್ನ ಪ್ರತಿದಿನ ನೋಡಿ, ಎಡವೋ ಲಕ್ಷಣ ಕಂಡ ತಕ್ಷಣ ಸಲಹೆಗಾರರು ಆ ಮಗೂನ ಕರೆದು ಮಾತಾಡೋ ವ್ಯವಸ್ಥೆ ಮಾಡ್ಕೊಂಡ್ರು. ನಮ್ಗೆ ಎಂಟುನೂರು ಬೇಡ ಸರ್. ಎಂಟು ಸಾಕು.

ಯಾಕೆ ಹೀಗೆ ಹೇಳ್ತೀನಿ ಅಂದ್ರೆ ನಮ್ಮಲ್ಲೇ ಒಂದ್ಸಲ ಇದು ಆಗಿದೆ. 2023ರಲ್ಲಿ, ಶಕ್ತಿ ಯೋಜನೆ ಶುರುವಾಗಿ ಹೆಣ್ಮಕ್ಕಳಿಗೆ ಬಸ್ಸು ಫ್ರೀ ಆದ ವರ್ಷ, ಮೂರನೇ ಸೆಮಿಸ್ಟರಲ್ಲಿ ಹುಡುಗೀರು ಕಮ್ಮಿ ಆಗ್ತಿದ್ದಾರೆ ಅಂತ ನಂಗೆ ಕ್ಲಾಸಲ್ಲೇ ಅನ್ನಿಸ್ತಿತ್ತು. ಎಕ್ಯೂಎಆರ್ ಗೆ ಅಂತ ಹಾಜರಾತಿ ಪುಸ್ತಕ ತಂದಿಟ್ಕೊಂಡಿದ್ದೆ, ಹಾಗೇ ಸುಮ್ನೆ ಶೇಕಡಾ 75ಕ್ಕಿಂತ ಕಮ್ಮಿ ಇರೋರ ಹೆಸ್ರು ಒಂದು ಹಾಳೆಗೆ ಇಳಿಸ್ಕೊಂಡು ಪಕ್ಕದಲ್ಲಿ ಅಡ್ಮಿಷನ್ ಅರ್ಜಿಯಿಂದ ಊರು ಬರೀತಾ ಹೋದೆ. ಒಂಬತ್ತು ಹುಡುಗೀರು ಒಂದೇ ದಾರಿಯ ನಾಲ್ಕು ಊರಿನವ್ರು. ಗೈರುಹಾಜರಿನೂ ದಿನ ಪೂರ್ತಿದಲ್ಲ, ಮೊದಲ ಎರಡು ಪೀರಿಯಡ್ಡಿಂದು ಮಾತ್ರ. ಕರೆದು ಕೇಳಿದೆ. ಬೆಳಿಗ್ಗೆ 8.10ಕ್ಕೆ ಬರ್ತಿದ್ದ ಬಸ್ಸು 9.25ಕ್ಕೆ ಆಗಿದೆ ಮೇಡಂ, ಕಾಲೇಜು ಮುಟ್ಟೋ ಹೊತ್ತಿಗೆ ಹತ್ತೂಕಾಲು, ಲೇಟಾಗಿ ಒಳಗೆ ಬಂದ್ರೆ ಎಲ್ಲರ ಮುಂದೆ ಬೈಸ್ಕೋಬೇಕು ಅಂತ ಹೊರಗೇ ಕೂತಿರ್ತೀವಿ, ಹೇಗೂ ಹಾಜರಾತಿ ಶಾರ್ಟೇಜ್ ಆಗುತ್ತೆ ಅಂತ ಇಬ್ರು ಆಗ್ಲೇ ಬರೋದು ಬಿಟ್ರು ಅಂದ್ರು. ಟಿಕೆಟ್ಟಿಗೆ ದುಡ್ಡು ಬೇಡ, ಆದ್ರೆ ಬಸ್ಸೇ ಆ ಹೊತ್ತಿಗಿಲ್ಲ. ಆ ಹಾಳೆನೇ ಪ್ರಿನ್ಸಿಪಾಲರ ಪತ್ರದ ಜೊತೆ ಲಗತ್ತಿಸಿ ಸಂಬಂಧಪಟ್ಟವ್ರಿಗೆ ಕೊಟ್ವಿ, ಜೊತೆಗೆ ನಾವೂ ಟೈಮ್ ಟೇಬಲ್ ಬದಲಾಯಿಸಿ ಆ ಕ್ಲಾಸಿಗೆ ಮೊದಲ ಪೀರಿಯಡ್ ಲೈಬ್ರರಿ ಅವರ್ ಮಾಡಿದ್ವಿ. ಐದು ವಾರ ಆದ್ಮೇಲೆ ಬಸ್ಸಿನ ಟೈಮು ಮೊದಲಿನ ಹಾಗೇ ಆಯ್ತು. ಬಿಟ್ಟಿದ್ದ ಇಬ್ರಲ್ಲಿ ಒಬ್ಳು ವಾಪಸ್ ಬಂದ್ಲು, ಡಿಗ್ರಿ ಮುಗಿಸಿದ್ಲು. ಇನ್ನೊಬ್ಳಿಗೆ ಅಷ್ಟರಲ್ಲಿ ಮದುವೆ ಆಗಿತ್ತು.

ಇದಕ್ಕೆ ಬೇಕಾಗಿದ್ದು ಎರಡು ರಿಜಿಸ್ಟರು, ಒಂದು ಹಾಳೆ, ಒಂದು ಮಧ್ಯಾಹ್ನ. ಆ ಮಧ್ಯಾಹ್ನ ನಂಗೆ ಅದೃಷ್ಟಕ್ಕೆ ಸಿಕ್ಕಿತ್ತು, ಆವತ್ತು ಯಾವ ಲಾಸ್ಟ್ ಡೇಟೂ ಇರ್ಲಿಲ್ಲ. ಬೇರೆ ವರ್ಷ ಸಿಕ್ಕಿಲ್ಲ, ಆ ವರ್ಷಗಳಲ್ಲಿ ಹೋದ ಮಕ್ಕಳು ಯಾಕೆ ಹೋದ್ರು ಅಂತ ನಂಗೊತ್ತಿಲ್ಲ, ಅದು ನನ್ನ ಮನಸ್ಸನ್ನ ಈಗ್ಲೂ ಕೊರೀತಿದೆ.

ಬೇರೆ ಕಾಲೇಜಲ್ಲಿ ಈ ಕೆಲಸ ಹೇಗೆ ನಡೀತಿದೆ ಅಂತ ತಿಳ್ಕೊಳ್ಳೋಕೆ ನಾನು ಗೆಳತಿಯರಿಗೆ, ಜೊತೆಗೆ ಎಂಎ ಓದಿದವ್ರಿಗೆ ಫೋನ್ ಮಾಡಿ ಕೇಳ್ದೆ. ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಲ್ಲಿ ಐಕ್ಯೂಎಸಿ ಅನ್ನೋ ಒಳಗಿನ ಗುಣಮಟ್ಟ ಘಟಕದ ಸಂಚಾಲಕರು ಇಂಗ್ಲಿಷ್ ಮೇಷ್ಟ್ರು, ಪಾಪ ಎಕ್ಸೆಲ್ ಅವ್ರ ಮಗ ಹೇಳಿಕೊಟ್ಟಿದ್ದು, ಸಹಾಯಕ್ಕೆ ಇಬ್ರು ಅತಿಥಿ ಉಪನ್ಯಾಸಕರು. ಅತಿಥಿ ಉಪನ್ಯಾಸಕರಿಗೆ ಸಿಗೋದು ಪಾಠದ ಕೆಲಸಕ್ಕೆ, ಈ ಕೆಲಸಕ್ಕೆ ಅವ್ರಿಗೆ ಒಂದು ರೂಪಾಯಿನೂ ಇಲ್ಲ, ಮುಂದಿನ ವರ್ಷ ಇರ್ತೀವೋ ಇಲ್ವೋ ಅನ್ನೋ ಭಯಕ್ಕೆ ಇಲ್ಲ ಅನ್ನೋಕಾಗಲ್ಲ. ಬೆಂಗಳೂರಿನ ಒಂದು ದೊಡ್ಡ ಖಾಸಗಿ ಕಾಲೇಜಲ್ಲಿ ಇದಕ್ಕೇ ಅಂತ ನಾಲ್ಕು ಜನರ ಸೆಲ್ ಇದೆ, ಎಂಸಿಎ ಓದಿದವ್ರು, ಸ್ವಂತ ಸಾಫ್ಟ್‌ವೇರು, ಬಟನ್ ಒತ್ತಿದ್ರೆ ಪಟ್ಟಿ ಬರುತ್ತೆ. ಇನ್ನೊಂದು ಅಟಾನಮಸ್ ಕಾಲೇಜಲ್ಲಿ ಫಲಿತಾಂಶದ ಅಂಕಿ ಎಲ್ಲ ಪರೀಕ್ಷಾ ವಿಭಾಗದಲ್ಲಿ, ಅಡ್ಮಿಷನ್ನಿಂದು ಆಫೀಸಲ್ಲಿ, ಪ್ಲೇಸ್‌ಮೆಂಟಿಂದು ಬೇರೆ ಆಫೀಸರ್ ಹತ್ರ, ಒಬ್ಬರ ಶೀಟಲ್ಲಿ ರಿಜಿಸ್ಟರ್ ನಂಬರ್ ಇದೆ ಇನ್ನೊಬ್ಬರದ್ರಲ್ಲಿ ಇಲ್ಲ, ಕೂಡಿಸೋಕೆ ಹೆಸ್ರು ಒಂದೇ ದಾರಿ, ಆ ಹೆಸ್ರಲ್ಲೋ ಪವಿತ್ರ ಅಂತಾನೇ ಒಂದು ಕ್ಲಾಸಲ್ಲಿ ನಾಲ್ಕು ಜನ. ಮತ್ತೊಂದು ಸಣ್ಣ ಕಾಲೇಜಲ್ಲಿ ಪ್ರಿನ್ಸಿಪಾಲರೇ ಎಲ್ಲಾ, ನ್ಯಾಕ್ ವರ್ಷ ಬಂದಾಗ ಹೊರಗಿನ ಏಜೆನ್ಸಿಗೆ ದುಡ್ಡು ಕೊಟ್ಟು ವರದಿ ಬರೆಸಿದ್ರಂತೆ, ವರದಿ ಚೆನ್ನಾಗೇ ಬಂತು, ಆದ್ರೆ ಅದ್ರಲ್ಲಿರೋ ಅಂಕಿ ಎಲ್ಲಿಂದ ಬಂತು ಅಂತ ಈಗ ಕಾಲೇಜಲ್ಲಿ ಹೇಳೋರು ಯಾರೂ ಇಲ್ಲ.

ಒಂದು ಫೋನ್ ಮಾತು ನನ್ನ ತಲೇಲಿ ಹಾಗೇ ಉಳಿದಿದೆ. ಆ ಕಾಲೇಜಲ್ಲಿ ಅಂಕಿ ಕಳಿಸೋ ಜವಾಬ್ದಾರಿ ಇದ್ದ ಹಳೇ ನೋಡಲ್ ಆಫೀಸರ್ ವರ್ಗ ಆಗಿ ಬೇರೆ ಜಿಲ್ಲೆಗೆ ಹೋಗಿದ್ದಾರೆ, ಆದ್ರೆ ಪೋರ್ಟಲ್ಲಿನ ಓಟಿಪಿ ಇನ್ನೂ ಅವ್ರ ಮೊಬೈಲಿಗೇ ಬರುತ್ತೆ. ಇವ್ರು ಲಾಗಿನ್ ಆಗ್ಬೇಕಾದ್ರೆಲ್ಲ ಅವ್ರಿಗೆ ಫೋನ್ ಮಾಡಿ, ಅವ್ರು ಕ್ಲಾಸಲ್ಲಿದ್ರೆ ಕಾದು, ಸರ್ ಬೇಗ ನಂಬರ್ ಹೇಳಿ ಟೈಮ್ ಆಗುತ್ತೆ ಅಂತ. ಇಡೀ ಕಾಲೇಜಿನ ಲೆಕ್ಕದ ಬಾಗಿಲ ಕೀಲಿ ಇನ್ನೂರು ಕಿಲೋಮೀಟರ್ ದೂರದಲ್ಲಿರೋ ಒಬ್ರ ಜೇಬಲ್ಲಿ.

ಹೀಗೆ ಒಂದೊಂದು ಕಡೆ ಒಂದೊಂದು ಥರ. ಎನ್‌ಐಆರ್‌ಎಫ್ ಪಟ್ಟಿಲಿ ಈ ಎಲ್ಲಾ ಕಾಲೇಜೂ ಒಂದೇ ತಕ್ಕಡಿಯಲ್ಲಿ ಕೂರ್ತವೆ. ಪಾಠ ಮತ್ತು ಸಂಪನ್ಮೂಲ, ಸಂಶೋಧನೆ, ಪದವಿ ಫಲಿತಾಂಶ, ಒಳಗೊಳ್ಳುವಿಕೆ, ಜನಾಭಿಪ್ರಾಯ ಅಂತ ಐದು ವಿಭಾಗ. ಅದ್ರಲ್ಲಿ ಮುಗಿಸಿದ ಮಕ್ಕಳು ಎಷ್ಟು ಜನ ಕೆಲಸಕ್ಕೆ ಸೇರಿದ್ರು, ಸಂಬಳ ಎಷ್ಟು, ಎಷ್ಟು ಜನ ಮುಂದೆ ಓದ್ತಿದ್ದಾರೆ ಅಂತ ಕೇಳ್ತಾರೆ. ನಾಲ್ಕು ಜನರ ಸೆಲ್ ಇರೋ ಕಾಲೇಜಿಗೆ ಅದು ಕ್ಯಾಂಪಸ್ ಪ್ಲೇಸ್‌ಮೆಂಟ್ ಪಟ್ಟಿಲೇ ಸಿಗುತ್ತೆ. ನಾವು ಒಬ್ಬೊಬ್ರಿಗೇ ಫೋನ್ ಹಚ್ಬೇಕು, ಅರ್ಧ ನಂಬರು ಸ್ವಿಚ್ ಆಫ್, ಕೆಲವು ತಂದೆದೋ ಅಣ್ಣಂದೋ. ಒಬ್ಳು ಹುಡುಗಿ, ಬಿಕಾಂನಲ್ಲಿ ಒಳ್ಳೆ ಮಾರ್ಕ್ಸ್ ತೆಗೆದವ್ಳು, ಫೋನ್ ಎತ್ತಿ, "ಮೇಡಂ ನಾನು ಗಾರ್ಮೆಂಟ್ಸಲ್ಲಿದೀನಿ, ಅದನ್ನ ಬರ್ಕೋಬೇಡಿ, ಕಾಲೇಜಿಗೆ ಕೆಟ್ಟ ಹೆಸ್ರು" ಅಂದ್ಲು. ಬರ್ಕೊಂಡೆ ಕಂದಾ, ದುಡಿದು ತಿನ್ನೋದಕ್ಕೆ ಯಾಕೆ ನಾಚ್ಕೆ ಅಂದೆ. ಆದ್ರೆ ಆ ಫೋನುಗಳಿಂದ ನಂಗೆ ಗೊತ್ತಾದದ್ದು, ನಮ್ಮ ಬಿಕಾಂ ಮಕ್ಕಳು ಟ್ಯಾಲಿ ಕಲ್ತಿದ್ರೆ ಇಲ್ಲೇ ಪೇಟೆಲಿ ಕೆಲಸ ಸಿಗ್ತಿತ್ತು ಅನ್ನೋದು, ಅದಕ್ಕೆ ಯಾವ ಫಾರ್ಮಲ್ಲೂ ಜಾಗ ಇಲ್ಲ.

ನ್ಯಾಕ್ ಬಗ್ಗೆನೂ ಒಂದು ಮಾತು. 1994ರಲ್ಲಿ ಶುರುವಾಗಿದ್ದು, ಮುಖ್ಯ ಕಚೇರಿ ನಮ್ಮ ಬೆಂಗಳೂರಲ್ಲೇ ಇದೆ. ಐಕ್ಯೂಎಸಿ ಅನ್ನೋ ಘಟಕ ಕಾಲೇಜುಗಳಿಗೆ ಬಂದಿದ್ದೇ ಅವ್ರಿಂದ, ಅದು ಒಳ್ಳೆ ಯೋಚನೆ, ನಾನು ಮನಸಾರೆ ಒಪ್ತೀನಿ. 2017ರಲ್ಲಿ ಪದ್ಧತಿ ಬದಲಾಯಿಸಿದ್ರು, ಮೊದ್ಲು ಪಿಯರ್ ಟೀಮ್, ಅಂದ್ರೆ ಹೊರಗಿನ ಪ್ರಾಧ್ಯಾಪಕರ ತಂಡ, ಬಂದು ನೋಡಿ ಹೇಳೋದೇ ಮುಖ್ಯ ಆಗಿತ್ತು, ಆಮೇಲೆ ಸುಮಾರು ಶೇಕಡಾ 70ರಷ್ಟು ಅಂಕ ಅಂಕಿಅಂಶದ ಮೇಲೆ, ಅದನ್ನ ಡಿವಿವಿ ಅಂತ ಹೊರಗಿನವ್ರು ಪರಿಶೀಲನೆ ಮಾಡೋದು. ಪ್ರತಿ ಅಂಕಿಗೂ ಸಾಕ್ಷಿ ಬೇಕು, ಜಿಯೋಟ್ಯಾಗ್ ಫೋಟೋ ಬೇಕು. ಪದ್ಧತಿ ಬದಲಾಯ್ತು, ಕೆಲಸ ಎಷ್ಟೋ ಪಟ್ಟು ಜಾಸ್ತಿ ಆಯ್ತು, ಮಾಡೋರು ಮಾತ್ರ ಅವ್ರೇ. ಯುಜಿಸಿ ನಿಯಮದಲ್ಲಿ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ಪಾಠ, ಅದೆಷ್ಟು ಅಂತ ಬರೆದಿದ್ದಾರೆ. ಅಂಕಿಅಂಶಕ್ಕೆ ಎಷ್ಟು ಗಂಟೆ ಅಂತ ಎಲ್ಲೂ ಬರೆದಿಲ್ಲ. ಪಾಠದ ತಯಾರಿ ಮಾಡೋ ಹೊತ್ತಲ್ಲಿ, ಮನೇಲಿ ಅಡುಗೆ ಮುಗಿಸಿದ ಮೇಲಿನ ಹೊತ್ತಲ್ಲಿ ಆಗೋ ಕೆಲಸ ಇದು. ಎರಡು ದಿನ ಪಾಠ ಬಿಟ್ಟು ಅಪ್‌ಲೋಡ್ ಮಾಡ್ತಾ ಕೂತಿದ್ದೂ ಇದೆ, ಆಗ ಕಾರಿಡಾರಲ್ಲಿ ಮಕ್ಕಳು "ಮೇಡಂ ಕ್ಲಾಸ್ ಇಲ್ವಾ" ಅಂತ ಇಣುಕಿ ನೋಡಿ ಹೋಗ್ತಾರೆ. ಮಕ್ಕಳಿಗೆ ಒಳ್ಳೆ ಪಾಠ ಆಗ್ತಿದೆ ಅಂತ ಸಾಬೀತು ಮಾಡೋ ಫಾರ್ಮು ತುಂಬೋಕೆ ಪಾಠ ಬಿಡೋದು ನಂಗೆ ತುಂಬಾ ನೋವಿನ ವಿಷಯ.

ಈಗ ಇಸ್ರೋ ಮಾಜಿ ಅಧ್ಯಕ್ಷರಾದ ಕೆ. ರಾಧಾಕೃಷ್ಣನ್ ಅವ್ರ ಸಮಿತಿ ಹೇಳಿದ ಹಾಗೆ ಎಲ್ಲಾ ಮಾಹಿತಿನೂ ಒಂದೇ ಕಡೆ ತುಂಬಿಸೋದು, ಒಂದೇ ಅಂಕಿನ ಎಲ್ರೂ ಉಪಯೋಗಿಸೋದು ಅನ್ನೋ ಯೋಜನೆ ಇದೆ. ತುಂಬಾ ಒಳ್ಳೇದು, ಬೇಗ ಬರ್ಲಿ. ಏಳು ಸಲ ಬರೆಯೋದು ಒಂದ್ಸಲ ಆದ್ರೆ ಅದಕ್ಕಿಂತ ಬೇಕಾ. ಆದ್ರೆ ಆ ಒಂದ್ಸಲ ಬರೆಯೋದು ಯಾರು? ಒಂದೇ ಕಡೆ ಹೋಗೋ ಅಂಕಿ ತಪ್ಪಾದ್ರೆ ಎಲ್ಲಾ ಕಡೆನೂ ತಪ್ಪಾಗುತ್ತೆ, ಹಾಗಾಗಿ ಬರೆಯೋ ಜಾಗನ ಈಗ್ಲೇ ಗಟ್ಟಿ ಮಾಡ್ಬೇಕು.

ನಾನು ಕೇಳ್ಕೊಳ್ಳೋದು ಇಷ್ಟೇ, ಮೊದ್ಲು ಒಂದು ಸರ್ವೆ ಆಗ್ಲಿ. ಮಕ್ಕಳದ್ದಲ್ಲ, ಕಟ್ಟಡದ್ದಲ್ಲ, ಈ ಕೆಲಸದ್ದು. ಕಾಲೇಜಿನ ಅಂಕಿಅಂಶ ಯಾರು ನೋಡ್ಕೋತಾರೆ, ಅವ್ರು ಪಾಠ ಮಾಡೋರಾ ಆಫೀಸಿನವ್ರಾ, ಎಷ್ಟು ಜನ, ವಾರಕ್ಕೆ ಎಷ್ಟು ಗಂಟೆ, ಆ ಗಂಟೆಗೆ ಪಾಠದಲ್ಲಿ ವಿನಾಯಿತಿ ಇದೆಯಾ, ಯಾವ ತರಬೇತಿ ಸಿಕ್ಕಿದೆ, ಪ್ರಿನ್ಸಿಪಾಲರಿಗೆ ನೇರ ವರದಿ ಮಾಡ್ತಾರಾ, ಮೂಲ ದಾಖಲೆ ಎಲ್ಲಿಡ್ತಾರೆ, ಒಬ್ರು ವರ್ಗ ಆದ್ರೆ ಮುಂದಿನವ್ರಿಗೆ ಏನು ಸಿಗುತ್ತೆ, ಪಾಸ್‌ವರ್ಡ್ ಯಾರ ಹತ್ರ ಇದೆ, ಓಟಿಪಿ ಯಾವ ಫೋನಿಗೆ ಬರುತ್ತೆ. ಮುಖ್ಯವಾಗಿ, ಕಳೆದ ವರ್ಷ ನೀವು ಬರೆದ ಅಂಕಿಯಿಂದ ನಿಮ್ಮ ಕಾಲೇಜಲ್ಲಿ ಒಂದಾದ್ರೂ ತೀರ್ಮಾನ ಆಗಿದೆಯಾ ಅಂತ ಕೇಳ್ಬೇಕು. ಈಗಿನ ಫಾರ್ಮಲ್ಲಿ ನೋಡಲ್ ಆಫೀಸರ್ ಹೆಸ್ರು, ಮೊಬೈಲ್ ನಂಬರ್, ಇಮೇಲ್ ಕೇಳ್ತಾರೆ, ಅಷ್ಟಕ್ಕೇ ನಿಲ್ತಾರೆ.

ಇದನ್ನ ಮಾಡೋಕೆ ಹೊಸ ಸಂಸ್ಥೆ ಬೇಕಿಲ್ಲ. ರಾಜ್ಯ ಉನ್ನತ ಶಿಕ್ಷಣ ಪರಿಷತ್ತು ಇದೆ, ಕಾನೂನಿನಿಂದ ಬಂದಿರೋದು, ಸರ್ಕಾರಿ ಅನುದಾನಿತ ಖಾಸಗಿ ಅಂತ ಭೇದ ಇಲ್ದೆ ಎಲ್ರನ್ನೂ ಕೇಳ್ಬಹುದು. ವಿಶ್ವವಿದ್ಯಾಲಯಗಳಲ್ಲಿ ಸಂಖ್ಯಾಶಾಸ್ತ್ರ ಎಂಎಸ್ಸಿ ಮಕ್ಕಳಿದ್ದಾರೆ, ಪ್ರಾಜೆಕ್ಟ್ ಅಂತ ಕೊಟ್ರೆ ಖುಷಿಯಿಂದ ಊರೂರಿಗೆ ಹೋಗಿ ಕೂತು ಕೇಳಿ ಬರ್ತಾರೆ. ದಯವಿಟ್ಟು ಇದನ್ನೂ ಇನ್ನೊಂದು ಗೂಗಲ್ ಫಾರ್ಮ್ ಮಾಡಿ ಸಂಜೆ ನಾಲ್ಕರೊಳಗೆ ಕಳಿಸಿ ಅನ್ಬೇಡಿ, ಬಂದು ನಮ್ಮ ರೂಮಲ್ಲಿ ಅರ್ಧ ದಿನ ಕೂತ್ಕೊಳ್ಳಿ, ಚಹಾ ಕೊಡ್ತೀವಿ, ರಿಜಿಸ್ಟರ್ ತೆಗೆದು ತೋರಿಸ್ತೀವಿ.

ಸರ್ವೆ ಆದ್ಮೇಲೆ ಏನು ಮಾಡ್ಬೇಕು ಅನ್ನೋದು ಅದ್ರಿಂದಾನೇ ಗೊತ್ತಾಗುತ್ತೆ, ಆದ್ರೂ ನನ್ನ ಅನುಭವದಿಂದ ಹೇಳೋದಾದ್ರೆ ದೊಡ್ಡ ಕಾಲೇಜಿಗೆ ಒಂದು ಪೂರ್ಣ ಹುದ್ದೆ, ಸಣ್ಣ ಕಾಲೇಜುಗಳಿಗೆ ತಾಲ್ಲೂಕಿಗೆ ಒಬ್ರು, ವಾರದಲ್ಲಿ ಒಂದೊಂದು ದಿನ ಒಂದೊಂದು ಕಾಲೇಜು. ಓದಿದವ್ರು ನಮ್ಮಲ್ಲೇ ಇದ್ದಾರೆ, ಬಿಎಸ್ಸಿ ಸಂಖ್ಯಾಶಾಸ್ತ್ರ, ಬಿಸಿಎ ಮುಗಿಸಿ ಊರಲ್ಲೇ ಕೂತಿರೋ ಮಕ್ಕಳು ಎಷ್ಟಿಲ್ಲ. ಇನ್ನೊಂದು, ನಾವು ಕಳಿಸಿದ್ದು ನಮ್ಗೆ ವಾಪಸ್ ಬರ್ಬೇಕು. ಈಗ ಎಲ್ಲಾ ತುಂಬಿ ಸಬ್ಮಿಟ್ ಮಾಡಿದ್ರೆ ಒಂದು ಸರ್ಟಿಫಿಕೇಟ್ ಪಿಡಿಎಫ್ ಬರುತ್ತೆ, ಅದನ್ನ ಪ್ರಿಂಟ್ ತೆಗೆದು ಫೈಲಿಗೆ ಹಾಕ್ತೀವಿ. ಅದ್ರ ಬದಲು, ನೋಡಿ ನಿಮ್ಮ ಕಾಲೇಜಲ್ಲಿ ಐದು ವರ್ಷದಿಂದ ಬಿಎ ಸೇರೋ ಎಸ್‌ಟಿ ಹುಡುಗೀರು ಹೀಗೆ ಕಮ್ಮಿ ಆಗ್ತಿದ್ದಾರೆ, ಪಕ್ಕದ ತಾಲ್ಲೂಕಲ್ಲಿ ಹೀಗಿಲ್ಲ ಅಂತ ಒಂದೇ ಒಂದು ಪುಟ ಕನ್ನಡದಲ್ಲಿ ಬಂದ್ರೆ, ಅದನ್ನ ಸ್ಟಾಫ್ ಮೀಟಿಂಗಲ್ಲಿ ಓದ್ತೀವಿ, ಪೋಷಕರ ಸಭೆಲಿ ಓದ್ತೀವಿ, ಏನಾದ್ರೂ ಮಾಡ್ತೀವಿ.

ಇಲ್ಲಿ ಒಂದು ಭಯನೂ ಹೇಳ್ಬೇಕು. ಮಕ್ಕಳ ಜಾತಿ, ಆದಾಯ, ಅಂಗವೈಕಲ್ಯ, ಫೋನ್ ನಂಬರ್ ಎಲ್ಲಾ ಇರೋ ಶೀಟುಗಳು ಈಗ ವಾಟ್ಸಾಪಲ್ಲಿ ಓಡಾಡ್ತವೆ, ಪೆನ್‌ಡ್ರೈವಲ್ಲಿ ಸೈಬರ್ ಸೆಂಟರಿಗೆ ಹೋಗ್ತವೆ, ಬೇರೆ ದಾರಿ ಇಲ್ಲ ಅಂತ. ಆ ಮಕ್ಕಳು ನಮ್ಮನ್ನ ನಂಬಿ ಕೊಟ್ಟ ವಿವರ ಅದು. ಅದಕ್ಕೊಂದು ಜಾಗ, ಅದಕ್ಕೊಬ್ರು ಜವಾಬ್ದಾರರು ಇಲ್ದೇ ಇರೋದು ಸರಿಯಲ್ಲ, ಇದನ್ನೂ ಸರ್ವೆಯಲ್ಲಿ ಕೇಳ್ಬೇಕು.

ನಂಗೆ ಬರೋ ಮೇ ತಿಂಗಳಿಗೆ ನಿವೃತ್ತಿ. ಒಂಬತ್ತು ವರ್ಷದ ಶೀಟು, ಯಾವ ಕಾಲಮಿಗೆ ಯಾವ ರಿಜಿಸ್ಟರ್ ನೋಡ್ಬೇಕು, 412 ಯಾಕೆ 391 ಆಯ್ತು ಅನ್ನೋ ಟಿಪ್ಪಣಿ, ಎಲ್ಲಾ ಸೇರಿಸಿ ಕನ್ನಡದಲ್ಲೇ ಒಂದು ನೋಟ್‌ಬುಕ್ ಬರೀತಿದ್ದೀನಿ, ಅರ್ಧ ಆಗಿದೆ. ಯಾರ ಕೈಗೆ ಕೊಡ್ಲಿ ಅಂತ ಪ್ರಿನ್ಸಿಪಾಲರನ್ನ ಕೇಳಿದೆ. ನಮ್ಮ ವಿಭಾಗದಲ್ಲಿ ಕಾಯಂ ಅಂತ ಇರೋದು ನಾನೊಬ್ಳೇ, ನೋಡೋಣ ಮೇಡಂ ಅಂದ್ರು. ಬೇರೆ ಕಾಲೇಜಲ್ಲಿ ಈ ಕೆಲಸ ಮಾಡೋರು ಇದನ್ನ ಓದ್ತಿದ್ರೆ, ನಿಮ್ಮಲ್ಲಿ ಹೇಗೆ ನಡೀತಿದೆ ಅಂತ ಇದೇ ಅಂಕಣಕ್ಕೆ ಎರಡು ಸಾಲು ಬರೀರಿ, ಸರ್ಕಾರದ ಸರ್ವೆ ಬರೋ ತನಕ ಅದೇ ನಮ್ಮ ಸರ್ವೆ ಆಗ್ಲಿ.

ಇಂತಿ,
ಒಬ್ಬ ಅರ್ಥಶಾಸ್ತ್ರ ಉಪನ್ಯಾಸಕಿ, ಹಾಸನ ಜಿಲ್ಲೆ